ಕ್ಯಾನಿನಲ್ಲಿ ಹೋಗುವ ಎಲುಬು

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇಷ್ಟನ್ನು ಓದಿ ಯಾರೂ ಬೆರಗಾಗುವುದಿಲ್ಲ. ಬೆರಗು ಶುರುವಾಗುವುದು ಗುಣಿಸತೊಡಗಿದ ಮೇಲೆ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯಲ್ಲಿ, ಎರಡು ಹೊತ್ತೂ ಸೇರಿ ದಿನಕ್ಕೆ 1,000 ಲೀಟರ್ ಹಾಲು ಬೀಳುವ ಒಂದು ಡೈರಿ ಇದೆ ಎಂದಿಟ್ಟುಕೊಳ್ಳೋಣ. ಆ ಡೈರಿಯಿಂದ ದಿನಕ್ಕೆ 1.2 ಕಿಲೋ ಕ್ಯಾಲ್ಸಿಯಂ ಊರು ಬಿಡುತ್ತದೆ. ಅದರ ಜೊತೆಗೇ ಹತ್ತಿರ ಹತ್ತಿರ ಒಂದು ಕಿಲೋ ರಂಜಕ, ನಾಲ್ಕು ಗ್ರಾಂ ಸತು. ವರ್ಷ ತಿರುಗುವಷ್ಟರಲ್ಲಿ ಕ್ಯಾಲ್ಸಿಯಂ ಒಂದೇ 438 ಕಿಲೋ. ಅಷ್ಟೂ ಸುಣ್ಣಕಲ್ಲಿನ ರೂಪದಲ್ಲಿ ಬೇಕೆಂದರೆ ಒಂದು ಟನ್ನಿಗೂ ಹೆಚ್ಚು ಕಲ್ಲು ತರಬೇಕು. ಒಂದು ಹಳ್ಳಿಯ ಒಂದು ಡೈರಿ ಬಿಳಿ ಹಾಲಿನಲ್ಲಿ ಕರಗಿಸಿ, ಯಾರ ಕಣ್ಣಿಗೂ ಬೀಳದಂತೆ, ಪ್ರತಿ ವರ್ಷ ಒಂದು ಟನ್ ಕಲ್ಲನ್ನು ಹೊರಗೆ ಕಳಿಸುತ್ತಿದೆ.

ಹಾಸನ ಹಾಲು ಒಕ್ಕೂಟದ ಲೆಕ್ಕಕ್ಕೆ ಬನ್ನಿ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳ ಹಾಲು ಇಲ್ಲಿ ಸೇರುತ್ತದೆ. ದಿನದ ಸಂಗ್ರಹ ಹತ್ತು ಲಕ್ಷ ಲೀಟರ್ ದಾಟಿದೆ. ಹತ್ತು ಲಕ್ಷವೆಂದೇ ಹಿಡಿದರೂ ದಿನಕ್ಕೆ 1,200 ಕಿಲೋ ಕ್ಯಾಲ್ಸಿಯಂ. 2024ರಲ್ಲಿ ಕರ್ನಾಟಕ ಹಾಲು ಮಹಾಮಂಡಳದ ಒಟ್ಟು ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರ್ ಮುಟ್ಟಿತು. ಆ ದಿನಗಳಲ್ಲಿ ರಾಜ್ಯದ ಹಸು ಎಮ್ಮೆಗಳು ದಿನವೊಂದಕ್ಕೆ ಕನಿಷ್ಠ 12 ಟನ್ ಕ್ಯಾಲ್ಸಿಯಂ, 9 ಟನ್ನಿಗೂ ಮೇಲೆ ರಂಜಕವನ್ನು ತಮ್ಮ ಮೈಯಿಂದ ಇಳಿಸಿಕೊಟ್ಟಿವೆ. ದೇಶದ ಮಟ್ಟಕ್ಕೆ ಹೋದರೆ, 2023-24ರಲ್ಲಿ ಭಾರತದ ಹಾಲಿನ ಉತ್ಪಾದನೆ 23.93 ಕೋಟಿ ಟನ್. ಅದರೊಳಗಿನ ಕ್ಯಾಲ್ಸಿಯಂ ಎರಡೂಮುಕ್ಕಾಲು ಲಕ್ಷ ಟನ್ನಿಗೂ ಹೆಚ್ಚು. ಇಷ್ಟೂ ಬಂದದ್ದು ಎಲ್ಲಿಂದ? ಮೇವಿನಿಂದ. ಮೇವಿಗೆ ಮಣ್ಣಿನಿಂದ. ಮೇವು ಸಾಲದೇ ಹೋದ ದಿನ ಹಸುವಿನ ಎಲುಬಿನಿಂದ.

ನೆಲದಲ್ಲಿದ್ದದ್ದು ಬೇರೆಡೆಗೆ ಹರಿದುಹೋಗುವುದೆಂದರೆ ಏನೆಂದು ಬಾಗೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೊರೂರಿನಿಂದ ಹೊರಟ ಹೇಮಾವತಿ ನೀರು ತುಮಕೂರಿನ ಕಡೆಗೆ ಸಾಗುವುದು ಈ ಊರಿನದೇ ಹೆಸರಿನ ಬಾಗೂರು-ನವಿಲೆ ಸುರಂಗದಲ್ಲಿ, ಸುಮಾರು ಹತ್ತು ಕಿಲೋಮೀಟರ್ ನೆಲದಡಿಯಲ್ಲಿ. ಆ ಸುರಂಗದಿಂದ ತೊಂದರೆಗೊಳಗಾದ ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದಾರೆ. ನೀರು ಹೋಗುವುದು ಕಾಣುತ್ತದೆ, ಬಾವಿ ಬತ್ತಿದರೆ ಗೊತ್ತಾಗುತ್ತದೆ. ಹಾಲಿನ ಜೊತೆ ಹೋಗುವ ಖನಿಜ ಕಾಣುವುದಿಲ್ಲ. ಅದು ಗೊತ್ತಾಗುವುದು ಹಸು ಮೂರು ಸಲ ಸೂಜಿ ಹಾಕಿಸಿದರೂ ಗಬ್ಬ ನಿಲ್ಲದಾಗ, ಕರು ಹಾಕಿದ ಮಾರನೆಯ ದಿನ ಎದ್ದು ನಿಲ್ಲಲಾರದಾಗ.

ಒಂದೇ ಹಸುವಿನ ಲೆಕ್ಕ ನೋಡೋಣ. ಒಕ್ಕೂಟದ ಟನ್ನುಗಳಿಗಿಂತ ಇದೇ ನನಗೆ ಹೆಚ್ಚು ಬೆರಗು. ನಾನೂರು ಕಿಲೋ ತೂಗುವ ಒಂದು ಸೀಮೆ ಹಸು. ಅದರ ಮೈಯಲ್ಲಿರುವ ಕ್ಯಾಲ್ಸಿಯಂ ಎಲ್ಲ ಸೇರಿ ಐದೂವರೆ ಕಿಲೋ ಆಸುಪಾಸು. ಅದರಲ್ಲಿ ನೂರಕ್ಕೆ 98 ಪಾಲಿಗೂ ಹೆಚ್ಚು ಎಲುಬು ಹಲ್ಲುಗಳಲ್ಲಿದೆ. ಈ ಹಸು ದಿನಕ್ಕೆ 10 ಲೀಟರಿನಂತೆ 300 ದಿನ ಕರೆದರೆ 3,000 ಲೀಟರ್. ಹಾಲಿನಲ್ಲಿ ಹೋದ ಕ್ಯಾಲ್ಸಿಯಂ 3.6 ಕಿಲೋ. ಒಂದೇ ಸೂಲಿನಲ್ಲಿ ತನ್ನ ಅಸ್ಥಿಪಂಜರದ ಮೂರನೇ ಎರಡು ಪಾಲಿನಷ್ಟನ್ನು ಅದು ಕ್ಯಾನಿಗೆ ಸುರಿದಿದೆ. ಐದು ಸೂಲಿಗೆ 18 ಕಿಲೋ, ಅಂದರೆ ಮೂರು ಹಸುಗಳ ಎಲುಬು. ಪ್ರತಿ ಕರುವಿನ ಎಲುಬಿಗೆ ಹೊಟ್ಟೆಯೊಳಗೇ ಕೊಟ್ಟ ಸುಮಾರು 400 ಗ್ರಾಂ ಇದಕ್ಕೆ ಸೇರಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸೆಲ್ಜ್-ಪ್ರಾಲೆ ಆಫ್ಟರ್‌ಶಾಕ್ 3918 ಎಂಬ ಹಸು 2017ರಲ್ಲಿ 365 ದಿನಕ್ಕೆ 35,457 ಕಿಲೋ ಹಾಲು ಕೊಟ್ಟು ದಾಖಲೆ ಮಾಡಿತು. ಅದರ ಹಾಲಿನಲ್ಲಿ ಹೋದ ಕ್ಯಾಲ್ಸಿಯಂ ವರ್ಷಕ್ಕೆ ಸುಮಾರು 41 ಕಿಲೋ; ತನ್ನ ಎಲುಬಿನಲ್ಲಿದ್ದದ್ದರ ನಾಲ್ಕು ಪಟ್ಟಿಗೂ ಹೆಚ್ಚು.

ಮನಸ್ಸನ್ನು ನಿಜವಾಗಿ ತಡೆದು ನಿಲ್ಲಿಸುವ ಸಂಖ್ಯೆ ರಕ್ತದ್ದು. ನಮ್ಮ ಈ ನಾನೂರು ಕಿಲೋ ಹಸುವಿನ ರಕ್ತದಲ್ಲಿ ಯಾವುದೇ ಗಳಿಗೆಯಲ್ಲಿ ಓಡಾಡುತ್ತಿರುವ ಕ್ಯಾಲ್ಸಿಯಂ ಎರಡು ಗ್ರಾಂ ಮಾತ್ರ. ಹಾಲಿಗೆ ದಿನಕ್ಕೆ ಬೇಕಾದದ್ದು 12 ಗ್ರಾಂ. ಅಂದರೆ ರಕ್ತದ ಈ ಖಜಾನೆ ದಿನಕ್ಕೆ ಆರು ಸಲ ಪೂರ್ತಿ ಬರಿದಾಗಿ ಆರು ಸಲ ತುಂಬಬೇಕು. ಒಂದು ಲೀಟರ್ ಹಾಲು ಕಟ್ಟಲು ಕೆಚ್ಚಲಿನ ಮೂಲಕ 400ರಿಂದ 500 ಲೀಟರ್ ರಕ್ತ ಹಾದುಹೋಗಬೇಕು. ಮೈಯಲ್ಲಿರುವ ರಕ್ತ 25 ಲೀಟರ್ ಆಸುಪಾಸು. ಹತ್ತು ಲೀಟರ್ ಕರೆಯುವ ಹಸುವಿನ ಕೆಚ್ಚಲಿಗೆ ಅದೇ ರಕ್ತ ಹಗಲಿರುಳು ಸೇರಿ 160 ಸಲಕ್ಕೂ ಹೆಚ್ಚು ಬಂದುಹೋಗುತ್ತದೆ.

ಕರು ಹಾಕಿದ ದಿನ ಏನಾಗುತ್ತದೆ ನೋಡಿ. ಗಿಣ್ಣದ ಹಾಲಿನಲ್ಲಿ ಕ್ಯಾಲ್ಸಿಯಂ ಇನ್ನೂ ಹೆಚ್ಚು, ಲೀಟರಿಗೆ ಎರಡು ಗ್ರಾಂ ಆಸುಪಾಸು. ಆರು ಲೀಟರ್ ಗಿಣ್ಣು ಇಳಿದರೆ ರಕ್ತದಲ್ಲಿದ್ದದ್ದರ ಆರು ಪಟ್ಟು ಹೋಯಿತು. ಎಲುಬಿನಲ್ಲಿ ಐದು ಕಿಲೋ ಕೂಡಿಟ್ಟಿದ್ದರೂ ಅದನ್ನು ಕರಗಿಸಿ ರಕ್ತಕ್ಕೆ ತರುವ ವ್ಯವಸ್ಥೆ ತಕ್ಷಣ ಎಚ್ಚರಗೊಳ್ಳುವುದಿಲ್ಲ. ಗಂಟಲಿನ ಬಳಿಯ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿ ಸುದ್ದಿ ಕಳಿಸಿ, ವಿಟಮಿನ್ ಡಿ ಕರುಳನ್ನು ಸಿದ್ಧಗೊಳಿಸಿ, ಕೆಲಸ ಸರಿಯಾಗಿ ಶುರುವಾಗಲು ಒಂದೆರಡು ದಿನ ಬೇಕು. ಆ ನಡುವೆ ರಕ್ತದ ಕ್ಯಾಲ್ಸಿಯಂ ಅರ್ಧಕ್ಕೆ ಇಳಿದರೆ ಸ್ನಾಯುಗಳು ಕೈಬಿಡುತ್ತವೆ. ಹಸು ಕುಸಿದು ಕೂರುತ್ತದೆ, ಕತ್ತನ್ನು ಪಕ್ಕೆಗೆ ಒರಗಿಸುತ್ತದೆ, ಕಿವಿ ತಣ್ಣಗಾಗುತ್ತವೆ. ಇದೇ ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಏರದೆ ಇಳಿಯುತ್ತದೆ. ಡಾಕ್ಟರು ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಬಾಟಲಿ ಏರಿಸುತ್ತಾರೆ. ಅದರಲ್ಲಿರುವ ಕ್ಯಾಲ್ಸಿಯಂ ಹತ್ತು ಗ್ರಾಂ ಕೂಡ ಇರುವುದಿಲ್ಲ. ಸತ್ತೇಹೋಯಿತೆಂದು ಮನೆಯವರು ಅಳುತ್ತಿದ್ದ ಹಸು ಬಾಟಲಿ ಮುಗಿಯುವ ಹೊತ್ತಿಗೆ ಸಗಣಿ ಹಾಕಿ, ಮೈ ನಡುಗಿಸಿ, ಎದ್ದು ನಿಲ್ಲುತ್ತದೆ. ಪಶುವೈದ್ಯದಲ್ಲಿ ಇಷ್ಟು ಕಣ್ಣೆದುರು ಫಲ ತೋರುವ ಚಿಕಿತ್ಸೆ ಇನ್ನೊಂದು ಇದೆಯೋ ಇಲ್ಲವೋ.

ಈ ಕೆಲವು ಗ್ರಾಂಗಳ ಗುಟ್ಟು ತಿಳಿಯುವ ಮುಂಚೆ ಯುರೋಪಿನಲ್ಲಿ ಹಾಲುಜ್ವರ ಬಂದ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುತ್ತಿದ್ದವು. 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಯೂರ್ಗೆನ್ ಸ್ಮಿತ್ ರೋಗ ಕೆಚ್ಚಲಿನಲ್ಲೇ ಇದೆ ಎಂದು ಭಾವಿಸಿ, ಮೊಲೆಯ ಮೂಲಕ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ತುಂಬಿಸಿದ. ಸಾವು ಬಹಳ ಇಳಿಯಿತು. ಕೆಲವೇ ವರ್ಷಗಳಲ್ಲಿ ಔಷಧಿಯೂ ಬೇಡ, ಕೆಚ್ಚಲಿಗೆ ಬರಿ ಗಾಳಿ ತುಂಬಿದರೆ ಸಾಕು ಎಂದು ಗೊತ್ತಾಗಿ, ಸಾವು ನೂರಕ್ಕೆ ಒಂದರ ಆಸುಪಾಸಿಗೆ ಬಂತು. ಗಾಳಿಯ ಒತ್ತಡಕ್ಕೆ ಹಾಲು ಕಟ್ಟುವುದು ನಿಂತು, ರಕ್ತದಿಂದ ಕ್ಯಾಲ್ಸಿಯಂ ಸೆಳೆಯುವುದೂ ನಿಲ್ಲುತ್ತಿತ್ತು. ಆದರೆ ಆ ಕಾರಣ ಯಾರಿಗೂ ಗೊತ್ತಿರಲಿಲ್ಲ. ಎಡಿನ್‌ಬರೋದ ಡ್ರೈಯರ್ ಮತ್ತು ಗ್ರೇಗ್, ಇದು ಕ್ಯಾಲ್ಸಿಯಂ ಕೊರತೆ ಎಂದು ಮುಂದಿಟ್ಟದ್ದು 1925ರಲ್ಲಿ. ಕಾಲು ಶತಮಾನ ಸೈಕಲ್ ಪಂಪಿನಂಥ ಸಾಧನದಿಂದ ಹಸುಗಳನ್ನು ಬದುಕಿಸಿದವರಿಗೆ ತಾವು ಉಳಿಸುತ್ತಿರುವುದು ಕೆಲವು ಗ್ರಾಂ ಸುಣ್ಣದಂಶವನ್ನು ಎಂಬುದು ತಿಳಿದಿರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಲೇಬೇಕು. ಕರು ಹಾಕುವುದಕ್ಕೆ ಎರಡು ಮೂರು ವಾರ ಇರುವಾಗ, ಗಬ್ಬದ ಹಸುವಿಗೆ ಶಕ್ತಿ ಬರಲಿ ಎಂದು ಪ್ರೀತಿಯಿಂದ ಕ್ಯಾಲ್ಸಿಯಂ ಟಾನಿಕ್ಕನ್ನು ಲೀಟರುಗಟ್ಟಲೆ ಕುಡಿಸುವವರಿದ್ದಾರೆ. 1954ರಲ್ಲೇ ಕ್ಯಾಲಿಫೋರ್ನಿಯಾದ ಬೋಡಾ ಮತ್ತು ಕೋಲ್ ಇದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸಿದರು: ಈಯುವ ಮುಂಚಿನ ವಾರಗಳಲ್ಲಿ ಕ್ಯಾಲ್ಸಿಯಂ ಕಡಿಮೆ ಇಟ್ಟ ಹಸುಗಳಿಗೆ ಹಾಲುಜ್ವರ ಬರುವುದೇ ಕಡಿಮೆ. ಹೊರಗಿನಿಂದ ಧಾರಾಳ ಸಿಗುತ್ತಿದ್ದರೆ ಎಲುಬಿನಿಂದ ತೆಗೆದುಕೊಳ್ಳುವ ವ್ಯವಸ್ಥೆ ನಿದ್ದೆಹೋಗುತ್ತದೆ. ಕರು ಹಾಕಿದ ರಾತ್ರಿ ಅದನ್ನು ಎಬ್ಬಿಸಲು ಸಮಯವಿರುವುದಿಲ್ಲ. ಟಾನಿಕ್ಕು ಕೊಡಬೇಕಾದದ್ದು ಕರು ಹಾಕಿದ ಮೇಲೆ. ಅದಕ್ಕೆ ಮುಂಚೆ ಮಿತವಾಗಿ, ಡಾಕ್ಟರನ್ನು ಕೇಳಿಯೇ ಕೊಡಬೇಕು.

ಕ್ಯಾಲ್ಸಿಯಂಗಿಂತ ಸದ್ದಿಲ್ಲದೆ ಕಾಡುವುದು ರಂಜಕ. ಬಾಗೂರಿನ ಸುತ್ತ ಬೇಸಿಗೆಯ ಗೊಂತಿನಲ್ಲಿ ಕಾಣುವುದು ರಾಗಿ ಹುಲ್ಲು. ಹುಲ್ಲುಗಳಲ್ಲಿ ಒಳ್ಳೆಯದೇ, ಭತ್ತದ ಹುಲ್ಲಿಗಿಂತ ಎಷ್ಟೋ ಮೇಲು. ಆದರೆ ಹತ್ತು ಕಿಲೋ ರಾಗಿ ಹುಲ್ಲಿನಲ್ಲಿ ರಂಜಕ ಹತ್ತು ಗ್ರಾಂ ಆಸುಪಾಸು. ಹತ್ತು ಲೀಟರ್ ಹಾಲಿನಲ್ಲಿ ಹೋಗುವುದೇ ಒಂಬತ್ತು ಗ್ರಾಂಗಿಂತ ಹೆಚ್ಚು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ, ಮೈಯ ಖರ್ಚೂ ಬೇರೆ ಇದೆ. ಬೂಸಾ, ಹಿಂಡಿ ಹಾಕುವವರ ಕೊಟ್ಟಿಗೆಯಲ್ಲಿ ಈ ಕೊರತೆ ತಕ್ಕಮಟ್ಟಿಗೆ ತುಂಬುತ್ತದೆ. ಎರಡು ಕಿಲೋ ಗೋಧಿ ಬೂಸಾದಲ್ಲಿ ಇಪ್ಪತ್ತು ಗ್ರಾಂಗೂ ಹೆಚ್ಚು ರಂಜಕವಿದೆ. ಹಾಲು ಬತ್ತಿದ ಕೂಡಲೇ ಬೂಸಾ ನಿಲ್ಲಿಸುವ ಮನೆಗಳಲ್ಲಿ ಹಸು ಗೋಡೆ ನೆಕ್ಕುತ್ತದೆ, ಮಣ್ಣು ತಿನ್ನುತ್ತದೆ, ಒಣಗಲು ಹಾಕಿದ ಬಟ್ಟೆ ಅಗಿಯುತ್ತದೆ, ಪಕ್ಕದ ದನದ ಗಂಜಳಕ್ಕೆ ಬಾಯಿ ಹಾಕುತ್ತದೆ. ಅದನ್ನು ಕೆಟ್ಟ ಚಾಳಿ ಎಂದು ಹೊಡೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಹಸಿವು. 1920ರ ಆಸುಪಾಸಿನಲ್ಲಿ ದಕ್ಷಿಣ ಆಫ್ರಿಕಾದ ಆರ್ಮೂಡ್ಸ್‌ವ್ಲಾಕ್ಟೆಯಲ್ಲಿ ಆರ್ನಾಲ್ಡ್ ಥೈಲರ್ ಕಂಡದ್ದು ಇದರದೇ ಭೀಕರ ರೂಪ. ರಂಜಕವಿಲ್ಲದ ಹುಲ್ಲುಗಾವಲಿನಲ್ಲಿ ದನಗಳು ಸತ್ತ ಪ್ರಾಣಿಗಳ ಮೂಳೆ ಹುಡುಕಿ ಅಗಿಯುತ್ತಿದ್ದವು, ಕೊಳೆತ ಮೂಳೆಯಲ್ಲಿದ್ದ ವಿಷಕ್ಕೆ ಸಾಲುಸಾಲಾಗಿ ಸಾಯುತ್ತಿದ್ದವು. ಶುದ್ಧ ಮಾಡಿದ ಮೂಳೆಪುಡಿಯನ್ನು ತಿನ್ನಿಸಿದಾಗ ಮೂಳೆಯ ಹುಚ್ಚು ಬಿಟ್ಟಿತು, ಸಾವೂ ನಿಂತಿತು.

ಇಲ್ಲಿಯವರೆಗಿನದು ಕಿಲೋ, ಗ್ರಾಂಗಳ ಮಾತು. ಇನ್ನು ಮಿಲಿಗ್ರಾಂಗಳಿಗೆ ಇಳಿದರೆ ಬೆರಗು ತಿರುಗುಮುರುಗಾಗುತ್ತದೆ. ಹಸುವಿನ ಮೊದಲ ಹೊಟ್ಟೆಯ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿ ಬ್ಯಾಕ್ಟೀರಿಯಾ. ಭೂಮಿಯ ಮೇಲಿರುವ ಮನುಷ್ಯರೆಲ್ಲರಿಗಿಂತ ಹೆಚ್ಚು. ಅಂಥ ರಸ 80 ಲೀಟರ್ ಇದ್ದರೆ ಎಂಟು ಕೋಟಿ ಕೋಟಿ ಜೀವಿಗಳು. ಹುಲ್ಲನ್ನು ಹಾಲಾಗಿಸುವ ಕೆಲಸದ ಮೊದಲ ಪಾಳಿ ಇವುಗಳದ್ದು. ಹಸುವಿಗೆ ಬೇಕಾದ ಬಿ12 ವಿಟಮಿನ್ನನ್ನು ಕಟ್ಟುವುದೂ ಇವೇ. ಅದರ ಪ್ರತಿ ಅಣುವಿನ ನಡುವೆ ಕೋಬಾಲ್ಟಿನ ಒಂದೇ ಒಂದು ಪರಮಾಣು ಕೂರಬೇಕು. ಒಂದು ಲೀಟರ್ ಹಾಲಿಗೆ ಸುಮಾರು 72 ಗ್ರಾಂ ಗ್ಲೂಕೋಸ್ ಬೇಕು. ಹಸು ಅದರ ಬಹುಪಾಲನ್ನು ಮೇವಿನಿಂದ ನೇರ ಪಡೆಯದೆ, ಪಿತ್ತಜನಕಾಂಗದಲ್ಲಿ ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯ ದೊಡ್ಡ ದಾರಿ ಬಿ12 ಇಲ್ಲದೆ ತೆರೆಯುವುದಿಲ್ಲ. ಹತ್ತು ಲೀಟರಿಗೆ ಮುಕ್ಕಾಲು ಕಿಲೋದಷ್ಟು ಸಕ್ಕರೆಯ ಉತ್ಪಾದನೆ ನಿಂತಿರುವುದು ದಿನಕ್ಕೆ 1.2 ಮಿಲಿಗ್ರಾಂ ಕೋಬಾಲ್ಟಿನ ಮೇಲೆ. ಹತ್ತು ವರ್ಷ ಬದುಕುವ ಹಸುವಿಗೆ ಜೀವಮಾನವಿಡೀ ಬೇಕಾದ ಕೋಬಾಲ್ಟನ್ನು ಒಟ್ಟಿಗೆ ತೂಗಿದರೆ ಒಂದು ರೂಪಾಯಿಯ ನಾಣ್ಯದ ಆಸುಪಾಸು ಬರುತ್ತದೆ. ಅಷ್ಟಿಲ್ಲದೆ ಹೋದರೆ ಹೊಟ್ಟೆ ತುಂಬ ಹಸಿರು ಮೇಯ್ದ ದನ ಹಸಿದಂತೆ ಸೊರಗಿ ಸಾಯುತ್ತದೆ. ನ್ಯೂಜಿಲೆಂಡಿನಲ್ಲಿ ಇಂಥ ಸೊರಗುರೋಗವನ್ನು ಕಬ್ಬಿಣದ ಕೊರತೆ ಎಂದು ತಿಳಿದು ದಶಕಗಟ್ಟಲೆ ಕಬ್ಬಿಣದ ಅದಿರು ತಿನ್ನಿಸಿದರು. ಕೆಲವು ಅದಿರು ಗುಣ ಕೊಡುತ್ತಿತ್ತು, ಕೆಲವು ಕೊಡುತ್ತಿರಲಿಲ್ಲ. 1935ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಅಂಡರ್‌ವುಡ್ ಮತ್ತು ಫಿಲ್ಮರ್ ಈ ಒಗಟನ್ನು ಬಿಡಿಸಿದರು. ಗುಣ ಕೊಟ್ಟದ್ದು ಅದಿರಿನಲ್ಲಿ ಅಂಟಿಕೊಂಡು ಬಂದಿದ್ದ ಎಳ್ಳಷ್ಟು ಕೋಬಾಲ್ಟ್.

ಸೆಲೆನಿಯಂ ಇನ್ನೂ ಸೂಕ್ಷ್ಮ. ದಿನಕ್ಕೆ ಮೂರೂವರೆ ಮಿಲಿಗ್ರಾಂ, ವರ್ಷಕ್ಕೆ ಒಂದೂಕಾಲು ಗ್ರಾಂ. ಅದು ಸಾಲದಿದ್ದರೆ ಮಾಸು ಬೀಳುವುದಿಲ್ಲ, ಕೆಚ್ಚಲುಬಾವಿನ ಎದುರು ಮೈ ಸೋಲುತ್ತದೆ. ಹದಿನೈದಿಪ್ಪತ್ತು ಪಟ್ಟು ಹೆಚ್ಚಾದರೆ ವಿಷ. ಸತು ದಿನಕ್ಕೆ ಅರ್ಧ ಗ್ರಾಂ. ಗೊರಸಿನ ಗಟ್ಟಿತನ, ಮೊಲೆಯ ತೂತನ್ನು ಮುಚ್ಚುವ ಪದರ, ಬೆದೆ ಎಲ್ಲಕ್ಕೂ ಬೇಕು.

ನೆಲದಲ್ಲಿ ಇದೆಲ್ಲ ಇಲ್ಲವೇ ಎಂದು ಕೇಳಬಹುದು. ಬಾಗೂರಿನ ನೆರೆಯ ನುಗ್ಗೇಹಳ್ಳಿ ಭೂವಿಜ್ಞಾನಿಗಳಿಗೆ ಹೊರದೇಶಗಳಲ್ಲೂ ಪರಿಚಿತ ಹೆಸರು. ನುಗ್ಗೇಹಳ್ಳಿ ಶಿಲಾಪಟ್ಟಿಯ ಕಲ್ಲುಗಳಿಗೆ 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಬೈರಾಪುರದಲ್ಲಿ ಕ್ರೋಮೈಟ್ ಗಣಿಯನ್ನೇ ಮಾಡಿದ್ದಾರೆ. ಖನಿಜದ ಮೇಲೇ ಕೂತ ತಾಲ್ಲೂಕು ಇದು. ಆದರೆ ಹಸುವಿನ ಬಾಯಿಗೆ ಬರಬೇಕಾದದ್ದು ಕಲ್ಲಿನಿಂದ ಮಣ್ಣಿಗೆ, ಮಣ್ಣಿನಿಂದ ಬೇರಿಗೆ, ಬೇರಿನಿಂದ ದಂಟಿಗೆ ಏರಬೇಕು. ಸಾವಿರಾರು ಮಳೆಗಾಲ ತೊಳೆದ ಕೆಂಪು ಮಣ್ಣಿನಲ್ಲಿ ಆ ಮೆಟ್ಟಿಲುಗಳು ಸವೆದಿವೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದಾದ್ಯಂತ 90,000ಕ್ಕೂ ಹೆಚ್ಚು ಮಣ್ಣಿನ ಮಾದರಿ ಪರೀಕ್ಷಿಸಿದಾಗ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಕಂಡಿತು. ರಾಗಿಗೆ ಸಿಗದ ಸತು ರಾಗಿ ಹುಲ್ಲು ತಿನ್ನುವ ಹಸುವಿಗೆ ಎಲ್ಲಿಂದ ಬರಬೇಕು? ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಒಂದೊಂದು ಪ್ರದೇಶದ ಮಣ್ಣು, ಮೇವು, ದನದ ರಕ್ತ ಪರೀಕ್ಷಿಸಿ, ಆಯಾ ಸೀಮೆಗೆ ಬೇಕಾದ್ದನ್ನಷ್ಟೇ ಸೇರಿಸುವ ಖನಿಜ ಮಿಶ್ರಣಗಳನ್ನು ರೂಪಿಸಿದ್ದು ಇದೇ ಕಾರಣಕ್ಕೆ.

ಡೈರಿಯಲ್ಲಿ, ಅಂಗಡಿಯಲ್ಲಿ ಸಿಗುವ ಆ ಬೂದು ಪುಡಿಯ ಹಿಂದಿನ ದೂರವನ್ನೂ ನೆನೆಯಬೇಕು. ಅದರ ರಂಜಕದ ಮೂಲ ಶಿಲಾರಂಜಕ. ಜಗತ್ತಿನಲ್ಲಿ ತಿಳಿದಿರುವ ಶಿಲಾರಂಜಕದ ಸುಮಾರು ಮೂರನೇ ಎರಡು ಪಾಲು ಮೊರಾಕೊ ಸೀಮೆಯಲ್ಲಿದೆ, ನಮ್ಮಲ್ಲಿ ರಾಜಸ್ಥಾನದ ಝಾಮರಕೋಟ್ರಾದಲ್ಲೂ ಇದೆ. ಮೊರಾಕೊದ ಪದರಗಳು ಸಮುದ್ರದ ತಳದಲ್ಲಿ ಕೂಡಿಕೊಳ್ಳತೊಡಗಿದ್ದು ಏಳು ಕೋಟಿ ವರ್ಷಗಳ ಹಿಂದೆ. ಅಲ್ಲಿ ಗಣಿ ತೋಡಿದರೆ ಶಾರ್ಕ್ ಮೀನಿನ ಹಲ್ಲುಗಳು ಈಗಲೂ ಸಿಗುತ್ತವೆ. ಜಗತ್ತಿನ ಕೋಬಾಲ್ಟಿನ ಮೂರನೇ ಎರಡು ಪಾಲಿಗೂ ಹೆಚ್ಚು ಕಾಂಗೋದಿಂದ ಬರುತ್ತದೆ. ಅಯೋಡಿನ್ನಿನ ಅರ್ಧಕ್ಕೂ ಹೆಚ್ಚು ಚಿಲಿಯ ಮರುಭೂಮಿಯಿಂದ. ಬಾಗೂರಿನ ಕೊಟ್ಟಿಗೆಯಲ್ಲಿ ಹಿಂಡಿಯ ಮೇಲೆ ಉದುರಿಸುವ ಐವತ್ತು ಗ್ರಾಂ ಪುಡಿಯಲ್ಲಿ ಮೂರು ಖಂಡಗಳ ನೆಲ ಸೇರಿರಬಹುದು.

ಭಾರತೀಯ ಮಾನಕ ಸಂಸ್ಥೆಯ ಐಎಸ್ 1664ರ ಪ್ರಕಾರ ಉಪ್ಪಿಲ್ಲದ ಖನಿಜ ಮಿಶ್ರಣದಲ್ಲಿ ಕ್ಯಾಲ್ಸಿಯಂ ಕನಿಷ್ಠ ನೂರಕ್ಕೆ 20, ರಂಜಕ 12 ಇರಬೇಕು. ಐವತ್ತು ಗ್ರಾಂ ಪುಡಿಯಲ್ಲಿ ಕ್ಯಾಲ್ಸಿಯಂ 10 ಗ್ರಾಂ, ರಂಜಕ 6 ಗ್ರಾಂ. ಹತ್ತು ಲೀಟರ್ ಹಸುವಿನ ಪೂರ್ತಿ ಅಗತ್ಯ ಇದರಿಂದ ತೀರುವುದಿಲ್ಲ. ದೊಡ್ಡ ಪಾಲು ಹಸಿರು ಮೇವು, ಬೂಸಾ, ಹಿಂಡಿಯಿಂದಲೇ ಬರಬೇಕು. ಮೇವು ಸರಿಯಿಲ್ಲದ ಕೊಟ್ಟಿಗೆಗೆ ಪುಡಿ ಮಾತ್ರ ತಂದರೆ ಉಪಯೋಗವಿಲ್ಲ. ಕರೆಯುವ ಹಸುವಿಗೆ ಹಾಲಿನ ಪ್ರಮಾಣ ನೋಡಿ ದಿನಕ್ಕೆ 100ರಿಂದ 200 ಗ್ರಾಂ, ಬತ್ತಿದ ಹಸುವಿಗೆ, ಬೆಳೆಯುವ ಕಡಸಿಗೆ 50, ಕರುವಿಗೆ 20ರಿಂದ 25 ಗ್ರಾಂ ಎಂದು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಹೇಳುತ್ತದೆ. ಈ ಅಳತೆಯನ್ನು ದೇಶಕ್ಕೆ ಹಿಡಿದು ನೋಡಿ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ದನ ಎಮ್ಮೆಗಳು ಸೇರಿ 30 ಕೋಟಿಗೂ ಹೆಚ್ಚು. ತಲೆಗೆ ಐವತ್ತೇ ಗ್ರಾಂ ಎಂದರೂ ದಿನಕ್ಕೆ 15,000 ಟನ್, ವರ್ಷಕ್ಕೆ 55 ಲಕ್ಷ ಟನ್ ಪುಡಿ.

"ಪುಡಿ ಹಾಕುದ್ರೆ ನಾಳೆಯಿಂದ್ಲೇ ಹಾಲು ಜಾಸ್ತಿ ಆಯ್ತದಾ ಸಾರ್?" ಎಂಬುದು ಹಳ್ಳಿಯಲ್ಲಿ ಮೊದಲು ಬರುವ ಪ್ರಶ್ನೆ. ನ್ಯಾಯವಾದ ಪ್ರಶ್ನೆ, ಹಾಲಿನ ಬಿಲ್ಲು ಬರುವುದು ವಾರ ಹದಿನೈದು ದಿನಕ್ಕೊಮ್ಮೆ, ಪುಡಿಯ ದುಡ್ಡು ಇವತ್ತೇ ಹೋಗುತ್ತದೆ. ನಾಳೆ ಆಗುವುದಿಲ್ಲ ಎಂದೇ ಹೇಳಬೇಕು. ಲಾಭ ಕಾಣುವುದು ಹಸು ಸಕಾಲಕ್ಕೆ ಬೆದೆಗೆ ಬಂದು ಗಬ್ಬ ಕಟ್ಟಿದಾಗ. ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ 21 ದಿನ ಕಾಯಬೇಕು. ನಾಲ್ಕು ತಪ್ಪಿದರೆ 84 ದಿನ. ಹತ್ತು ಲೀಟರ್ ಹಸುವಿಗೆ 840 ಲೀಟರ್ ಹಾಲು ಅಷ್ಟು ದೂರ ಹೋಯಿತು. ಗಬ್ಬ ನಿಲ್ಲದ್ದಕ್ಕೆಲ್ಲ ಖನಿಜವೇ ಕಾರಣವಲ್ಲ, ಆದರೆ ರಂಜಕ, ತಾಮ್ರ, ಸತು ಸಾಲದ ಮೈಯಲ್ಲಿ ಬೆದೆ ಮೊದಲು ಮಂಕಾಗುತ್ತದೆ. ಬೂಕನಬೆಟ್ಟದ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತಿನ ಮೈಕಟ್ಟು, ಗೊರಸು, ಕೂದಲಿನ ಹೊಳಪನ್ನು ಒಂದು ನೋಟಕ್ಕೆ ಅಳೆಯುವ ಕಣ್ಣು ಈ ಸೀಮೆಯವರಿಗಿದೆ. ಆ ಹೊಳಪಿನಲ್ಲಿ ತಾಮ್ರವಿದೆ, ಗೊರಸಿನಲ್ಲಿ ಸತುವಿದೆ.

ಪುಡಿ ತಂದ ಮನೆಗಳಲ್ಲೂ ಒಂದು ಮೂಲೆ ತಪ್ಪಿಹೋಗುತ್ತದೆ. ಕರೆಯುವ ಹಸುವಿನ ಗೊಂತಿಗೆ ಮುಷ್ಟಿ ಬೀಳುತ್ತದೆ. ಹಾಲು ಕೊಡದ ಕಡಸು ಕೊಟ್ಟಿಗೆಯ ಆಚೆ ಒಣಹುಲ್ಲು ತಿನ್ನುತ್ತಾ ನಿಂತಿರುತ್ತದೆ. ಮುಂದೆ ಐದು ಸೂಲಿಗೆ 18 ಕಿಲೋ ಕ್ಯಾಲ್ಸಿಯಂ ಸುರಿಯಬೇಕಾದ ಎಲುಬು ಕಟ್ಟುತ್ತಿರುವುದು ಅದರ ಮೈಯಲ್ಲಿ, ಈಗ. ಹುಟ್ಟಿದಾಗ ಅದರಲ್ಲಿದ್ದದ್ದು 400 ಗ್ರಾಂ. ಎರಡೂವರೆ ವರ್ಷದಲ್ಲಿ ಮೊದಲ ಕರು ಹಾಕುವಷ್ಟರಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಕೂಡಿಸಿಕೊಳ್ಳಬೇಕು. ಮೊದಲ ವರ್ಷ ದಿನಕ್ಕೆ 25 ಗ್ರಾಂ, ಆಮೇಲೆ 50 ಗ್ರಾಂ ಎಂದು ಲೆಕ್ಕ ಹಾಕಿದರೆ ಹುಟ್ಟಿನಿಂದ ಮೊದಲ ಸೂಲಿನವರೆಗೆ ಒಂದು ಕಡಸಿಗೆ ಬೇಕಾಗುವ ಖನಿಜ ಮಿಶ್ರಣ 37 ಕಿಲೋ. ಅದರೊಳಗೆ ಕ್ಯಾಲ್ಸಿಯಂ ಏಳು ಕಿಲೋ, ರಂಜಕ ನಾಲ್ಕೂವರೆ ಕಿಲೋ, ಇಷ್ಟರ ಜೊತೆಗೆ ನಾಲ್ಕೂವರೆ ಗ್ರಾಂ ಕೋಬಾಲ್ಟ್.